ಒಂಬತ್ತು ಡಾಲರಿನ ಪಾಪ

ನಮ್ಮ ಕ್ಲೇಬರ್ನ್ ಊರಿನಲ್ಲಿ ಒಬ್ಬ ನ್ಯಾಯಾಧೀಶನಿದ್ದಾನೆ, ಇಬ್ಬರು ಪೊಲೀಸರಿದ್ದಾರೆ, ಚರ್ಚಿಗೊಬ್ಬರಂತೆ ಪಾದ್ರಿಗಳಿದ್ದಾರೆ. ಇಷ್ಟು ಜನ ಸಂಬಳ ತೆಗೆದುಕೊಂಡು ಮಾಡುವ ಕೆಲಸವನ್ನು ಪುಕ್ಕಟೆಯಾಗಿ ಮಾಡುವವನು ನನ್ನ ಪಕ್ಕದ ಮನೆಯ ಡೆಲ್ಬರ್ಟ್ ಸ್ಪ್ರೇಗ್. ಯಾವುದು ಸರಿ, ಯಾವುದು ತಪ್ಪು, ತಪ್ಪು ಮಾಡಿದವನನ್ನು ಎಷ್ಟು ಪಂದ್ಯ ಹೊರಗೆ ಕೂರಿಸಬೇಕು, ಎಲ್ಲ ಅವನಿಗೆ ಗೊತ್ತು. ಹೊಟ್ಟೆಪಾಡಿಗೆ ಶಾಲೆಯ ಹಳದಿ ಬಸ್ಸು ಓಡಿಸುತ್ತಾನೆ. ಮಿಕ್ಕ ಹೊತ್ತೆಲ್ಲ ಕ್ಲೇಬರ್ನ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ್ದು. ನಾನು ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಅವನ ಜೊತೆ ಪಂದ್ಯಗಳಿಗೆ ಹೋಗುವುದನ್ನು ರೂಢಿ ಮಾಡಿಕೊಂಡೆ. ಹೀಗಾಗಿ ಮುಂದೆ ನಡೆದದ್ದಕ್ಕೆಲ್ಲ ನಾನೂ ಒಬ್ಬ ಸಾಕ್ಷಿ.

ಚಳಿಗಾಲದ ಪ್ರತಿ ಸೋಮವಾರ ಸಂಜೆ ಗ್ಲೆಂಡಾಳ ಹೋಟೆಲಿನಲ್ಲಿ ನಮ್ಮ ಕೋಚ್ ಮಲ್ಡೂನ್ ಮೈಕಿನ ಮುಂದೆ ಕೂರುತ್ತಾರೆ. ಊರಿನ ರೇಡಿಯೋದವರು ಅದನ್ನು ನೇರವಾಗಿ ಪ್ರಸಾರ ಮಾಡುತ್ತಾರೆ. ಊಟಕ್ಕೆ ಬಂದವರು ಪ್ರಶ್ನೆ ಕೇಳಬಹುದು. ಬೇರೆಯವರು ಪ್ರಶ್ನೆ ಕೇಳುತ್ತಾರೆ, ಡೆಲ್ಬರ್ಟ್ ಉಪದೇಶ ಮಾಡುತ್ತಾನೆ. ಕೊನೆಗೆ "ಏನಂತೀರಿ, ಕೋಚ್?" ಎಂದು ಅಂಟಿಸಿ ಅದಕ್ಕೆ ಪ್ರಶ್ನೆಯ ಆಕಾರ ಕೊಡುತ್ತಾನೆ. ಅವನ ಸಿದ್ಧಾಂತಗಳು ಊರಿನ ಮಕ್ಕಳಿಗೂ ಬಾಯಿಪಾಠ. ಆಟಗಾರರನ್ನು ನಮ್ಮ ಇಂಡಿಯಾನಾ ರಾಜ್ಯದಿಂದಲೇ ತರಬೇಕು. ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹಾರುವವನನ್ನು ಒಂದು ವರ್ಷ ಬೆಂಚಿನ ಮೇಲೆ ಕೂರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆಟಗಾರರಿಗೆ ದುಡ್ಡು ಕೊಡಕೂಡದು.

"ಪುಕ್ಕಟೆ ಓದು ಕೊಡ್ತೀವಿ, ಪುಕ್ಕಟೆ ಊಟ ಹಾಕ್ತೀವಿ. ಆಟ ಅನ್ನೋದು ಪ್ರೀತಿಯಿಂದ ಆಡೋದು. ಪ್ರೀತಿಗೆ ರೇಟ್ ಕಟ್ತಾರೇನ್ರೀ? ಏನಂತೀರಿ, ಕೋಚ್?"

ಕೋಚ್ ನೀರು ಕುಡಿದು, "ಒಳ್ಳೇ ಪ್ರಶ್ನೆ, ಡೆಲ್ಬರ್ಟ್. ಮುಂದಿನೋರು ಯಾರು?" ಎನ್ನುತ್ತಾರೆ. ಹೀಗೆ ವರ್ಷಗಳಿಂದ ನಡೆದುಬಂದಿದೆ.

ಈ ನಡುವೆ ಕಾನೂನೇ ಬದಲಾಯಿತು. ಆಟಗಾರರು ಜಾಹೀರಾತಿನಲ್ಲಿ ನಿಂತು ದುಡ್ಡು ತೆಗೆದುಕೊಳ್ಳಬಹುದು ಎಂದಾಯಿತು. ನಮ್ಮೂರಿನ ವರ್ತಕರೂ ಸಂಘ ಕಟ್ಟಿ ವಂತಿಗೆ ಎತ್ತತೊಡಗಿದರು. ಸಂಘದ ಮುಖ್ಯಸ್ಥ ವೆಂಡೆಲ್ ಓಟ್, ಟ್ರ್ಯಾಕ್ಟರ್ ಅಂಗಡಿಯವನು. ಡೆಲ್ಬರ್ಟನ ಹೆಂಡತಿ ನೋರೀನಳ ಸ್ವಂತ ಅಣ್ಣ. ಡೆಲ್ಬರ್ಟ್ ಮಾತ್ರ ಕಾನೂನು ಬದಲಾದ ಸುದ್ದಿ ತನಗೆ ತಲುಪಲೇ ಇಲ್ಲ ಎಂಬಂತೆ ನಡೆದುಕೊಂಡ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವನದು.

ಭಾವ ಮೈದುನರಿಗೆ ಮಾತಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ನಿಯಮಗಳ ಕಾಲದಲ್ಲಿ ವೆಂಡೆಲ್ ಒಮ್ಮೆ ಮಳೆಯಲ್ಲಿ ನೆನೆಯುತ್ತಿದ್ದ ನಮ್ಮ ಆಟಗಾರನೊಬ್ಬನನ್ನು ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಹಾಸ್ಟೆಲಿಗೆ ಬಿಟ್ಟ. ಅಭಿಮಾನಿಯಾದವನು ಆಟಗಾರನಿಗೆ ಯಾವ ಉಪಕಾರವನ್ನೂ ಮಾಡುವಂತಿರಲಿಲ್ಲ. ಡೆಲ್ಬರ್ಟ್ ನೇರ ಕಾಲೇಜಿಗೆ ಹೋಗಿ ದೂರು ಕೊಟ್ಟ. ಆ ಆಟಗಾರ ಒಂದು ಪಂದ್ಯ ಹೊರಗೆ ಕೂತ. ಅದು ವಿಟ್‌ಲಾಕ್ ಕಾಲೇಜಿನ ಮೇಲಿನ ಪಂದ್ಯ, ಸೋತೆವು. ಅಂದಿನಿಂದ ವೆಂಡೆಲ್ ತಂಗಿಯ ಮನೆಯಲ್ಲಿ ಹಬ್ಬದೂಟಕ್ಕೆ ಕೂತರೂ "ನಿನ್ನ ಗಂಡನಿಗೆ ಹೇಳು" ಎಂದೇ ಮಾತು ಶುರು ಮಾಡುತ್ತಾನೆ, ಗಂಡ ಎದುರಿಗೇ ಕೂತಿರುತ್ತಾನೆ.

ಹೀಗಿರುವಾಗ ಫೆಬ್ರುವರಿಯ ಒಂದು ಶನಿವಾರ ಮಧ್ಯಾಹ್ನ ನಾನೂ ಡೆಲ್ಬರ್ಟನೂ ಗ್ಲೆಂಡಾಳ ಹೋಟೆಲಿಗೆ ಹೋದೆವು. ಅವಳ ಹಂದಿಮಾಂಸದ ಸ್ಯಾಂಡ್‌ವಿಚ್ಚಿನಲ್ಲಿ ಮಾಂಸ ಬನ್ನನ್ನು ಮೀರಿ ನಾಲ್ಕೂ ದಿಕ್ಕಿಗೆ ಚಾಚಿಕೊಂಡಿರುತ್ತದೆ. ಮೂಲೆಯ ಮೇಜಿನಲ್ಲಿ ಒಬ್ಬ ಹುಡುಗ ಅದನ್ನು ತಿಂದು ಮುಗಿಸಿ ಜೇಬು ತಡವಿಕೊಳ್ಳುತ್ತಿದ್ದ. ಎಡಜೇಬು ನೋಡಿದ, ಬಲಜೇಬು ನೋಡಿದ, ಮತ್ತೆ ಎಡಜೇಬಿಗೇ ಬಂದ.

"ಪರ್ಸ್ ಮರೆತು ಬಂದೋರ ಕಥೆ ದಿನಾ ಕೇಳ್ತೀನಪ್ಪಾ. ನಿನ್ನದರಲ್ಲಿ ಹೊಸದೇನಾದ್ರೂ ಇದ್ರೆ ಹೇಳು," ಎಂದಳು ಗ್ಲೆಂಡಾ.

ಡೆಲ್ಬರ್ಟನಿಗೆ ಶಾಲೆಯ ಮಕ್ಕಳ ಸಹವಾಸ, ಕರುಳು ಚುರ್ ಎಂದಿತು. "ಬಿಡೇ ಗ್ಲೆಂಡಾ, ಹಸಿದ ಹುಡುಗ. ನನ್ನ ಲೆಕ್ಕಕ್ಕೆ ಹಾಕು."

"ಸರ್, ನಾಳೆ ತಂದುಕೊಡ್ತೀನಿ," ಎಂದ ಹುಡುಗ.

"ಹೋಗೋ ಮಾರಾಯ, ಒಂಬತ್ತು ಡಾಲರಿಗೆ ನಾಳೆ ಬೇರೆ ಬರ್ತೀಯಾ? ಆರಾಮಾಗಿರು."

ಹುಡುಗ ಥ್ಯಾಂಕ್ಸ್ ಹೇಳಿ ಎದ್ದ. ಎದ್ದವನು ಇನ್ನೂ ಎದ್ದ. ನಾವು ಇನ್ನು ಮುಗಿಯಿತು ಎಂದುಕೊಂಡ ಮೇಲೂ ಎದ್ದ. ಕೊನೆಗೆ ತಲೆ ಬಗ್ಗಿಸಿ ಬಾಗಿಲು ದಾಟಿ ಹೋದ.

"ಯಾರೋ ಅದು?" ಎಂದ ಡೆಲ್ಬರ್ಟ್, ಬಾಯೊಳಗಿನ ತುತ್ತು ಅಲ್ಲೇ ಇಟ್ಟುಕೊಂಡು.

ನನಗೆ ಗೊತ್ತಿತ್ತು. ಇಡೀ ಊರಿಗೆ ಗೊತ್ತಿತ್ತು. ಡೇರಿಯಸ್ ಪೆಟಿಫೋರ್ಡ್, ಗ್ಯಾರಿ ಊರಿನವನು, ಏಳಡಿ. ನಮ್ಮ ಕಾಲೇಜು ನೋಡಲು ಅಮ್ಮನ ಜೊತೆ ಬಂದಿದ್ದ. ಅತ್ತ ವಿಟ್‌ಲಾಕ್‌ನವರೂ ಅವನ ಹಿಂದೆ ಬಿದ್ದಿದ್ದರು. ಬುಧವಾರ ಯಾವ ಕಾಲೇಜಿಗೆ ಸೇರುತ್ತೇನೆಂದು ಸಹಿ ಹಾಕುತ್ತಾನೋ ಎಂದು ಊರಿಗೆ ಊರೇ ಉಗುರು ಕಚ್ಚುತ್ತಿತ್ತು. ಡೆಲ್ಬರ್ಟನಿಗೆ ಮಾತ್ರ ಮುಖ ಗೊತ್ತಿರಲಿಲ್ಲ, ಯಾಕೆಂದರೆ ಸಹಿ ಹಾಕದ ಹುಡುಗನ ಚಿತ್ರ ನೋಡುವುದೂ ಆಸೆಬುರುಕತನ ಎಂದು ಅವನದೊಂದು ಸಿದ್ಧಾಂತ.

ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು.

"ಹರ್ಬ್, ನಾನು ಇನ್ನೂ ಸೇರದ ಹುಡುಗನಿಗೆ ಊಟ ಕೊಡಿಸಿದೆ."

"ಈಗ ಅದೆಲ್ಲಾ ಯಾರು ನೋಡ್ತಾರೋ?"

"ನಾನು ನೋಡ್ತೀನಿ! ಅವನು ಬುಧವಾರ ನಮ್ಮಲ್ಲಿ ಸಹಿ ಹಾಕ್ತಾನೆ ಅಂದ್ಕೋ. ನಾಳೆ ಇದು ಹೊರಗೆ ಬಂದ್ರೆ ಅವನನ್ನ ಹೊರಗೆ ಕೂರಿಸ್ತಾರೆ. ನನ್ನ ಕೈಯಾರೆ ನನ್ನ ತಂಡ ಹಾಳಾಗುತ್ತೆ ಕಣೋ!" ಧ್ವನಿ ತಗ್ಗಿಸಿ ಸೇರಿಸಿದ, "ವೆಂಡೆಲ್‌ಗೆ ಗೊತ್ತಾದ್ರೆ ನಾನು ಊರು ಬಿಡಬೇಕು."

ಆ ಸಂಜೆ ಪಂದ್ಯವಿತ್ತು. ಕಾಲೇಜಿನಲ್ಲಿ ನಿಯಮ ಮುರಿಯದಂತೆ ನೋಡಿಕೊಳ್ಳಲು ಮಿಸ್ ಟ್ರೆಂಟ್ ಎಂಬ ಹುಡುಗಿಯನ್ನು ನೇಮಿಸಿದ್ದಾರೆ. ಆಕೆ ಒಂದು ಕಿವಿಗೆ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ಪಾಪ್‌ಕಾರ್ನ್ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಡೆಲ್ಬರ್ಟ್ ಅಡ್ಡ ನಿಂತ.

"ಮೇಡಂ, ಶರಣಾಗೋಕೆ ಬಂದಿದೀನಿ."

ಆಕೆ ಎಲ್ಲ ಕೇಳಿದಳು. "ಸ್ಪ್ರೇಗ್ ಅವರೇ, ಆ ಹುಡುಗನ ಹಿಂದೆ ಈಗ ಎಷ್ಟೆಷ್ಟು ದೊಡ್ಡ ಮೊತ್ತದ ಮಾತು ಓಡಾಡ್ತಿದೆ ಗೊತ್ತಾ? ನೀವು ಸ್ಯಾಂಡ್‌ವಿಚ್ ತಗೊಂಡು ಬಂದಿದೀರಲ್ಲಾ."

"ಕಳ್ಳತನದಲ್ಲಿ ಸಣ್ಣದು ದೊಡ್ಡದು ಉಂಟೇ ಮೇಡಂ? ಶಿಕ್ಷೆ ಕೊಡಿ."

"ಶಿಕ್ಷೆ ಇಲ್ಲ."

"ನನಗೆ ಬೇಕು."

ಮಿಸ್ ಟ್ರೆಂಟ್ ನನ್ನ ಮುಖ ನೋಡಿದಳು. ನಾನು ಆಟದ ಅಂಕಣ ನೋಡಿದೆ. ಪಾಪ, ತೊಲಗಿದರೆ ಸಾಕು ಎಂದು ಆಕೆ ಒಂದು ದಾರಿ ತೋರಿಸಿದಳು: "ಹಳೇ ಕಾಲದಲ್ಲಿ ಒಂದು ಪದ್ಧತಿ ಇತ್ತು. ಹುಡುಗ ಆ ಬೆಲೆಯಷ್ಟು ದುಡ್ಡನ್ನ ಯಾವುದಾದ್ರೂ ಧರ್ಮಕಾರ್ಯಕ್ಕೆ ಕೊಟ್ರೆ ಅಲ್ಲಿಗೆ ತೊಳೆದುಹೋಯ್ತು. ಅಷ್ಟು ಮಾಡಿಸಿ. ಮತ್ತೆ ದಯವಿಟ್ಟು ಇದನ್ನ ಯಾರ ಹತ್ರಾನೂ ಬಾಯಿ ಬಿಡಬೇಡಿ."

ಬೇರೆ ಯಾರಾಗಿದ್ದರೂ ನಕ್ಕು ಮನೆಗೆ ಹೋಗುತ್ತಿದ್ದರು. ಡೆಲ್ಬರ್ಟ್ ಅದನ್ನು ಆಜ್ಞೆ ಎಂದು ತಲೆಯ ಮೇಲೆ ಹೊತ್ತುಕೊಂಡ. ಬಾಯಿ ಬಿಡಬಾರದು ಎಂಬುದನ್ನಂತೂ ವ್ರತದಂತೆ ಹಿಡಿದ. ಬಂದ ಗ್ರಹಚಾರವೆಲ್ಲ ಆ ವ್ರತದಿಂದಲೇ ಬಂತು.

ನಮ್ಮೂರಿನ ಅಗ್ನಿಶಾಮಕ ದಳದವರು ಕಾಯಿಲೆಯ ಮಕ್ಕಳಿಗಾಗಿ ದುಡ್ಡೆತ್ತುವಾಗ ಡಬ್ಬಿ ಹಿಡಿಯುವುದಿಲ್ಲ, ತಮ್ಮ ಮೊಣಕಾಲುದ್ದದ ರಬ್ಬರ್ ಬೂಟು ಹಿಡಿದು ರಸ್ತೆಯಲ್ಲಿ ನಿಲ್ಲುತ್ತಾರೆ. ಜನ ಅದರೊಳಗೆ ನೋಟು ಹಾಕುತ್ತಾರೆ. ಭಾನುವಾರ ಬೆಳಿಗ್ಗೆ ಡೆಲ್ಬರ್ಟ್ ಅಂಥದೊಂದು ಬೂಟನ್ನು ಎರವಲು ತಂದ. ಗುಟ್ಟು ಗುಟ್ಟಾಗಿಯೇ ಇರಲಿ ಎಂದು ಅದನ್ನು ದೊಡ್ಡ ಕಾಗದದ ಚೀಲದಲ್ಲಿ ಹಾಕಿದ. ಚೀಲದ ಬಾಯಿಂದ ಬೂಟಿನ ಮೂತಿ ಮಾತ್ರ ಹೊರಗೆ ಇಣುಕುತ್ತಿತ್ತು.

ಹುಡುಗರನ್ನು ತಂಡಕ್ಕೆ ಎಳೆಯುವ ವ್ಯವಹಾರ ಬಲ್ಲವರಿಗೆ ಇದರ ಅಪಾಯ ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಡೆ ಈ ವಿಷಯದಲ್ಲಿ ಎರಡೇ ಅಪವಾದಗಳು ಪ್ರಸಿದ್ಧ: ಕಾಗದದ ಚೀಲದಲ್ಲಿ ದುಡ್ಡು ತಲುಪಿಸುವವನು ಒಬ್ಬ, ಶೂ ಕಂಪನಿಯ ಪರವಾಗಿ ಬಂದು ಬಲೆ ಬೀಸುವವನು ಇನ್ನೊಬ್ಬ. ಡೆಲ್ಬರ್ಟ್ ಎರಡನ್ನೂ ಒಂದೇ ಕೈಯಲ್ಲಿ ಹಿಡಿದುಕೊಂಡು, ಚರ್ಚು ಬಿಡುವ ಹೊತ್ತಿಗೆ ಸರಿಯಾಗಿ, ಊರ ನಡುವಿನ ವಸತಿಗೃಹದ ಎದುರು ನಿಂತ.

ಡೇರಿಯಸ್ ಹೊರಗೆ ಬಂದ.

"ತಮ್ಮಾ, ನಿಲ್ಲು! ಇದರೊಳಗೆ ಒಂಬತ್ತು ಡಾಲರ್ ಹಾಕು."

"ನಿನ್ನೆ ಬೇಡ ಅಂದ್ರಲ್ಲಾ ಸರ್?"

"ನಿನ್ನೆ ನೀನು ಯಾರು ಅಂತ ಗೊತ್ತಿರಲಿಲ್ಲ. ಯಾರೋ ಆಗಿದ್ರೆ ಪುಣ್ಯ ಬರ್ತಿತ್ತು. ನೀನಾಗಿದ್ದಕ್ಕೆ ಪಾಪ ಬಂತು."

ಹುಡುಗ ಒಳ್ಳೆಯವನು, ಅರ್ಥವಾಗದಿದ್ದರೂ ತಲೆಯಾಡಿಸಿದ. "ನೋಟಿಲ್ಲ ಸರ್. ಫೋನಲ್ಲಿ ಕಳಿಸ್ಲಾ?"

"ಬೂಟಿಗೆ ಫೋನೆಲ್ಲಿಂದ ಬರಬೇಕು ಮಗಾ?"

ಅಷ್ಟರಲ್ಲಿ ಕಾಲೇಜಿನ ಕಾರು ಬಂದು ಹುಡುಗನನ್ನು ಕರೆದೊಯ್ದಿತು. ಚರ್ಚಿನ ಮೆಟ್ಟಿಲ ಮೇಲೆ ನಿಂತಿದ್ದ ಅರ್ಧ ಊರು ಇದನ್ನು ನೋಡಿತು, ಮಿಕ್ಕರ್ಧ ಊರು ಕೇಳಿತು. ಸಂಜೆ ಡೆಲ್ಬರ್ಟ್ ಮತ್ತೆ ಹೋಗಿ ಕೋಣೆಯ ಬಾಗಿಲು ತಟ್ಟಿದ. ಹುಡುಗನ ತಾಯಿ ಯೋಲಾಂಡಾ ಸರಪಳಿ ತೆಗೆಯದೆ ಬಾಗಿಲು ಸ್ವಲ್ಪವೇ ತೆರೆದಳು.

"ಯಾರು?"

"ಹೆಸರು ಹೇಳೋ ಹಾಗಿಲ್ಲ ತಾಯೀ. ಬೂಟು ತಂದಿದೀನಿ."

"ಶೂ ಕಂಪನಿಯೋರಿಗೆಲ್ಲಾ ಹೇಳಾಗಿದೆ, ಹೈಸ್ಕೂಲು ಮುಗಿಯೋವರೆಗೂ ಯಾರೂ ಬರಬೇಡಿ ಅಂತ. ವಾರವೆಲ್ಲಾ ಬಸ್ ಓಡಿಸಿ ಸೊಂಟ ಬಿದ್ದುಹೋಗಿದೆ ನಂದು. ನಡೀರಿ!" ಎಂದು ಬಾಗಿಲು ಹಾಕಿಕೊಂಡಳು.

ಇಲಿ ಹೋಯಿತು ಎಂದರೆ ಹುಲಿ ಹೋಯಿತು ಎನ್ನುವುದು ಊರಿನ ಸ್ವಭಾವ. ಭಾನುವಾರ ಮಧ್ಯಾಹ್ನ ಡೆಲ್ಬರ್ಟ್ ಹುಡುಗನಿಗೆ ಒಂದು ಜೊತೆ ಶೂ ಕೊಟ್ಟಿದ್ದ. ಸಂಜೆಗೆ ಶೂ ತುಂಬ ನೋಟಿತ್ತು. ಸೋಮವಾರ ಬೆಳಗಾಗುವಷ್ಟರಲ್ಲಿ ಡೆಲ್ಬರ್ಟ್ ಯಾವುದೋ ಶೂ ಕಂಪನಿಯ ಗುಪ್ತ ಏಜೆಂಟ್, ಹಳದಿ ಬಸ್ಸು ಬರೀ ವೇಷ, ಕೊಳದ ಪಕ್ಕದ ಬಂಗಲೆಯೂ ಅವನದೇ. ನೋರೀನಳ ಫೋನು ಒಂದೇ ಸಮನೆ ಬಡಿದುಕೊಂಡಿತು. ವಿಮೆಯವನು ಅಭಿನಂದನೆ ಹೇಳಿ ಹೊಸ ಪಾಲಿಸಿಯ ವಿಷಯ ತೆಗೆದ. ಹಿಂದಿನ ಬೀದಿಯ ಹೆಂಗಸೊಬ್ಬಳು ತನ್ನ ಮಗನನ್ನು ಕರೆತಂದು, "ಇವನೂ ಚೆಂಡು ಹಾಕ್ತಾನೆ, ಎತ್ತರ ಮುಂದೆ ಬರುತ್ತೆ, ಈಗಲೇ ಏನಾದ್ರೂ ಮುಂಗಡ ಕೊಟ್ಟಿರ್ತೀರಾ?" ಎಂದು ಕೇಳಿದಳು.

"ಡೆಲ್ಬರ್ಟ್," ಎಂದಳು ನೋರೀನ್, "ನಮ್ಮ ಅಡುಗೆಮನೆ ನಲ್ಲಿ ತಿಂಗಳಿಂದ ಸೋರ್ತಿದೆ. ಬಂಗಲೆ ಇರೋದು ನಿಜವಾಗಿದ್ರೆ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು. ಇಲ್ಲದಿದ್ರೆ ಏನು ಕೊಟ್ಟೆ ಅಂತ ಹೇಳು."

"ಹೇಳೋ ಹಾಗಿಲ್ಲ."

"ಹೆಂಡತಿಗೂ?"

"ಸಹಿ ಆಗೋವರೆಗೂ ಯಾರಿಗೂ."

ನಾನು ಬೇಲಿಯ ಈಚೆಯಿಂದ ಬಾಯಿ ತೆರೆದೆ. ಅವನು ಆಚೆಯಿಂದ ಕಣ್ಣು ಬಿಟ್ಟ. ನಾನು ಬಾಯಿ ಮುಚ್ಚಿದೆ. ಸತ್ಯ ಹೇಳಬೇಕೆಂದರೆ ನನಗೂ ನೋಡುವ ಕುತೂಹಲವಿತ್ತು.

ಮಧ್ಯಾಹ್ನ ವೆಂಡೆಲ್ ಓಟ್ ತಾನೇ ಬಂದ. ಹಬ್ಬವಿಲ್ಲದೆ ಅವನು ಆ ಮನೆಗೆ ಕಾಲಿಟ್ಟು ವರ್ಷಗಳಾಗಿದ್ದವು. ಬಾಗಿಲಲ್ಲೇ ನಿಂತು ರೂಢಿಯಂತೆ ತಂಗಿಯನ್ನು ಉದ್ದೇಶಿಸಿ ಮಾತಾಡಿದ.

"ನೋರೀನ್, ನಿನ್ನ ಗಂಡನಿಗೆ ಹೇಳು. ನಮ್ಮ ಸಂಘದೋರು ಮನೆ ಮನೆ ಅಲೆದು ವಂತಿಗೆ ಎತ್ತಿ, ಕಾನೂನು ಪ್ರಕಾರ ಒಪ್ಪಂದ ಮಾಡಿಸ್ತಿದ್ರೆ, ಸಾಧು ಸಂತನ ಹಾಗೆ ಉಪದೇಶ ಕೊಡೋನು ಹಿಂದಿನ ಬಾಗಿಲಿಂದ ಚೀಲ ತಲುಪಿಸ್ತಾನೆ. ನಾನು ಮಳೇಲಿ ನೆನೆಯೋ ಹುಡುಗನನ್ನ ಗಾಡಿ ಹತ್ತಿಸ್ಕೊಂಡಿದ್ದಕ್ಕೆ ಇದೇ ಮನುಷ್ಯ ನನ್ನನ್ನ ಕಳ್ಳ ಅಂದ!"

ಡೆಲ್ಬರ್ಟ್ ಸೋಫಾದ ಮೇಲೆ ಕುಗ್ಗಿ ಕೂತ. "ನೋರೀನ್, ನಿಮ್ಮಣ್ಣನಿಗೆ ಹೇಳು. ಕಳ್ಳ ಅಂತ ನಾನು ಅಂದಿರಲಿಲ್ಲ. ನಿಯಮ ಮುರಿದ ಅಂದಿದ್ದೆ."

"ಇವತ್ತು ಸಂಜೆ ರೇಡಿಯೋದಲ್ಲಿ ಎಲ್ಲರ ಮುಂದೆ ಕೇಳ್ತೀನಿ ಅಂತ ಹೇಳು!"

"ಅಲ್ಲೇ ಉತ್ತರ ಕೊಡ್ತೀನಿ ಅಂತ ಹೇಳು!"

"ನನಗೆ ಬೇರೆ ಕೆಲಸ ಇದೆ," ಎಂದು ನೋರೀನ್ ನಲ್ಲಿಯ ಕೆಳಗೆ ಬಕೆಟ್ ಇಡಲು ಹೋದಳು.

ಸಂಜೆ ಗ್ಲೆಂಡಾಳ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗ್ಲೆಂಡಾ ಎಷ್ಟು ಸಂತೋಷವಾಗಿದ್ದಳೆಂದರೆ ಉಪ್ಪಿನಕಾಯಿಗೆ ದುಡ್ಡು ಹಾಕಲಿಲ್ಲ. ಮೂಲೆಯ ಮೇಜಿನಲ್ಲಿ ಡೇರಿಯಸ್ ಅಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು ಅದೇ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಊರು ಬಿಡುವ ಮುಂಚೆ ಇನ್ನೊಂದು ತಿನ್ನಲೇಬೇಕೆಂದು ಹಟ ಹಿಡಿದು ಬಂದಿದ್ದನಂತೆ. ಇದರಿಂದ ಕೋಚ್ ಮಲ್ಡೂನ್ ಫಜೀತಿಗೆ ಬಿದ್ದರು. ಸಹಿ ಹಾಕದ ಹುಡುಗನ ಬಗ್ಗೆ ಕೋಚ್ ಬಹಿರಂಗವಾಗಿ ಒಂದು ಮಾತೂ ಆಡುವಂತಿಲ್ಲ. ಹೀಗಾಗಿ ಆರು ಹೆಜ್ಜೆ ದೂರದಲ್ಲಿ ಕೂತ ಏಳಡಿ ಹುಡುಗ ತಮ್ಮ ಕಣ್ಣಿಗೇ ಬಿದ್ದಿಲ್ಲವೆಂದು ನಟಿಸುತ್ತ, ಕತ್ತು ಇನ್ನೊಂದು ಕಡೆಗೆ ತಿರುಗಿಸಿ ಕೂತಿದ್ದರು. ಮಿಸ್ ಟ್ರೆಂಟ್ ಅವರ ಬೆನ್ನ ಹಿಂದೆ ಕಾವಲು ನಿಂತಿದ್ದಳು.

"ಮೊದಲನೇ ಪ್ರಶ್ನೆ," ಎಂದರು ರೇಡಿಯೋದವರು.

ವೆಂಡೆಲ್ ಎದ್ದ. "ನನ್ನ ಪ್ರಶ್ನೆ ಕೋಚಿಗಲ್ಲ. ಚೀಲ ಹಿಡ್ಕೊಂಡು ಕೂತಿದಾನಲ್ಲಾ, ಅವನಿಗೆ. ಆ ಹುಡುಗನಿಗೆ ಅವನು ಏನು ಕೊಟ್ಟ?"

"ಯಾವ ಹುಡುಗ?" ಎಂದರು ಕೋಚ್ ಗಾಬರಿಯಿಂದ, ಗೋಡೆ ನೋಡುತ್ತ.

ಡೆಲ್ಬರ್ಟ್ ಎದ್ದು ನಿಂತ. ಚೀಲದಿಂದ ಬೂಟು ತೆಗೆದು ಮೇಜಿನ ಮೇಲಿಟ್ಟ. ಆಗ ನನಗೆ ನಗು ಬರಲಿಲ್ಲ. ತಂಡ ಅಂದರೆ ಅವನಿಗೆ ಪ್ರಾಣ. ಅದರ ಮುಂದಿನ ವರ್ಷವನ್ನು ತಾನೇ ಹಾಳು ಮಾಡಿದೆ ಎಂದು ಅವನು ನಿಜವಾಗಿ ನಂಬಿದ್ದ.

"ಮಿಸ್ ಟ್ರೆಂಟ್, ಕ್ಷಮಿಸಿ. ಇನ್ನು ಮುಚ್ಚಿಡೋಕೆ ಆಗಲ್ಲ. ಕೊಟ್ಟಿದ್ದು ನಿಜ. ಶನಿವಾರ, ಇದೇ ಹೋಟೆಲಿನಲ್ಲಿ, ಒಂದು ಸ್ಯಾಂಡ್‌ವಿಚ್."

ರೇಡಿಯೋದವರು ಮೈಕನ್ನು ಅವನ ಹತ್ತಿರ ಸರಿಸಿದರು.

"ಆಮೇಲೆ?" ಎಂದ ವೆಂಡೆಲ್.

"ಆಮೇಲೇನಿಲ್ಲ. ಆಲೂಗಡ್ಡೆ ಬೇರೆ ತಗೊಂಡಿರಲಿಲ್ಲ. ಅಲ್ವೇನೇ ಗ್ಲೆಂಡಾ?"

"ಇಲ್ಲ. ನೀರು ಕುಡಿದ," ಎಂದು ಗ್ಲೆಂಡಾ ಸಾಕ್ಷಿ ನುಡಿದಳು.

"ಮತ್ತೆ ಆ ಬೂಟು? ಚೀಲ?"

"ಆ ಒಂಬತ್ತು ಡಾಲರನ್ನ ಹುಡುಗ ಧರ್ಮಕ್ಕೆ ಹಾಕಿದ್ರೆ ದೋಷ ಕಳೆಯುತ್ತೆ. ಅದಕ್ಕೆ ಎರಡು ದಿನದಿಂದ ಅಲೀತಿದೀನಿ. ಇನ್ನೂ ಬಂದಿಲ್ಲ."

"ಅಂದ್ರೆ," ಎಂದ ವೆಂಡೆಲ್ ನಿಧಾನವಾಗಿ, "ನನ್ನ ಮೇಲೆ ದೂರು ಕೊಟ್ಟ ಹಾಗೇ... ನಿನ್ನ ಮೇಲೂ ನೀನೇ ದೂರು ಕೊಟ್ಟೆಯಾ?"

"ಶನಿವಾರವೇ ಕೊಟ್ಟೆ. ಶಿಕ್ಷೆ ಕೊಡಲಿಲ್ಲ ಅವರು."

ವೆಂಡೆಲ್ ಕೂತುಬಿಟ್ಟ. ಮೊದಲು ಅವನ ಭುಜ ಕುಲುಕಿತು, ಆಮೇಲೆ ಹೊಟ್ಟೆ, ಆಮೇಲೆ ಮೇಜು. ಕಣ್ಣೊರೆಸಿಕೊಳ್ಳುತ್ತ, "ಇಷ್ಟು ವರ್ಷ ನನ್ನ ಮೇಲಿನ ಹೊಟ್ಟೆಕಿಚ್ಚಿಗೆ ಮಾಡಿದೆ ಅಂದ್ಕೊಂಡಿದ್ದೆ. ನಿನಗೆ ನಿಜವಾಗ್ಲೂ ತಲೆ ಕೆಟ್ಟಿದೆ ಕಣೋ ಭಾವಾ!" ಎಂದ. ತಂಗಿಯನ್ನು ನಡುವೆ ತರದೆ ನೇರವಾಗಿ ಬೈದನಲ್ಲ ಎಂದು ಡೆಲ್ಬರ್ಟನಿಗೆ ಕಣ್ಣು ತುಂಬಿ ಬಂತು.

ಆಗ ಮೂಲೆಯಿಂದ ಯೋಲಾಂಡಾ ಎದ್ದಳು. ಮಗನಷ್ಟು ಎತ್ತರವಿಲ್ಲ, ಆದರೆ ಅವಳು ಎದ್ದರೆ ಜಾಗ ತಾನಾಗಿ ಬಿಡುತ್ತದೆ.

"ಬಾಗಿಲು ತಟ್ಟಿದ್ದು ನೀವೇನಾ?"

"ಹೌದು ತಾಯೀ."

"ನಾಲ್ಕು ಕಾಲೇಜು ನೋಡ್ಕೊಂಡು ಬಂದಿದೀವಿ. ಒಂದು ಕಡೆ ಮನೆ ತೋರ್ಸಿದ್ರು. ಒಂದು ಕಡೆ ನನ್ನ ಹೆಸರು ಬರೆದ ಕೇಕ್ ತಂದ್ರು, ಹೆಸರೇ ತಪ್ಪು. ಎಲ್ಲರೂ ಕೊಡ್ತೀವಿ ಕೊಡ್ತೀವಿ ಅನ್ನೋರೇ. ನನ್ನ ಮಗನ ಹತ್ರ 'ಕೊಡು' ಅಂತ ಕೈ ಚಾಚಿದ ಮೊದಲನೇ ಮನುಷ್ಯ ನೀವು. ಗ್ಯಾರಿಯಲ್ಲಿ ನಾನು ಸಿಟಿ ಬಸ್ ಓಡಿಸ್ತೀನಿ. ದುಡ್ಡು ಹಾಕದೆ ಹತ್ತಿದೋನನ್ನ ಇಳಿಸದೆ ಗಾಡಿ ಎತ್ತೋಳಲ್ಲ ನಾನು." ಮಗನ ಕಡೆ ತಿರುಗಿದಳು. "ಊಟ ಮಾಡಿ ದುಡ್ಡು ಕೊಡದೆ ಎದ್ದು ಬಂದೆಯಾ? ಹಾಕು ಅದರೊಳಗೆ!"

ಡೇರಿಯಸ್ ಅಮ್ಮನ ಪರ್ಸಿನಿಂದಲೇ ಹತ್ತು ಡಾಲರಿನ ನೋಟು ಈಸಿಕೊಂಡು, ಮೂರು ಮೇಜು ದಾಟಿ ಕೈ ಚಾಚಿ ಬೂಟಿಗೆ ಹಾಕಿದ. ಡೆಲ್ಬರ್ಟ್ ತೃಪ್ತಿಯಿಂದ ಉಸಿರುಬಿಟ್ಟು ಜೇಬಿಗೆ ಕೈ ಹಾಕಿದ. "ತಗೋ ಮಗಾ, ಒಂದು ಡಾಲರ್ ಚಿಲ್ಲರೆ."

"ಕೊಡಬೇಡಿ!" ಎಂದು ಮಿಸ್ ಟ್ರೆಂಟ್ ಕಿರುಚಿದಳು. "ಕೊಟ್ರೆ ಮತ್ತೆ ಮೊದಲಿಂದ ಶುರುವಾಗುತ್ತೆ!"

"ಇನ್ನೊಂದು ಮಾತು," ಎಂದಳು ಯೋಲಾಂಡಾ ವೆಂಡೆಲ್‌ನ ಕಡೆಗೆ ನೋಡಿ. "ನಾವು ದುಡ್ಡು ಬೇಡ ಅನ್ನೋರಲ್ಲ. ಇವನ ಮುಖ ಹಾಕ್ಕೊಂಡು ಟ್ರ್ಯಾಕ್ಟರ್ ಮಾರೋರು ಇವನಿಗೆ ದುಡ್ಡು ಕೊಟ್ಟೇ ಮಾರಬೇಕು. ಯಾರ ಕೆಲಸಾನೂ ಪುಕ್ಕಟೆ ಅಲ್ಲ."

"ಮೊದಲು ಹೇಳಿದ್ದು ಒಪ್ಪಿದೆ ತಾಯೀ," ಎಂದ ಡೆಲ್ಬರ್ಟ್. "ಎರಡನೇದು ಒಪ್ಪಕ್ಕಾಗಲ್ಲ. ಪುಕ್ಕಟೆ ಓದು, ಪುಕ್ಕಟೆ ಊಟ..."

ಇಡೀ ಹೋಟೆಲು ಒಂದೇ ದನಿಯಲ್ಲಿ "ಕೂತ್ಕೋ ಡೆಲ್ಬರ್ಟ್!" ಎಂದಿತು. ಅದು ರೇಡಿಯೋದಲ್ಲಿ ಪಕ್ಕದ ಜಿಲ್ಲೆಯವರೆಗೂ ಸ್ಪಷ್ಟವಾಗಿ ಕೇಳಿಸಿತಂತೆ.

ಬುಧವಾರ ಡೇರಿಯಸ್ ಪೆಟಿಫೋರ್ಡ್ ನಮ್ಮ ಕಾಲೇಜಿಗೇ ಸಹಿ ಹಾಕಿದ. ಕೋಚ್ ಮಲ್ಡೂನ್ ಮೊದಲ ಬಾರಿಗೆ ಅವನ ಕಡೆ ಕತ್ತು ತಿರುಗಿಸಿ ನೋಡಿದರು. ವಿಟ್‌ಲಾಕ್‌ನವರು ಬಾಡಿಹೋದರು. ವೆಂಡೆಲ್ ತಾನೇ ಬಂದು ತಂಗಿಯ ಮನೆಯ ನಲ್ಲಿ ರಿಪೇರಿ ಮಾಡಿಕೊಟ್ಟ, ಡೆಲ್ಬರ್ಟ್ ಟಾರ್ಚ್ ಹಿಡಿದ. ಊರು ಸುಖವಾಗಿತ್ತು. ಸಿದ್ಧಾಂತಗಳು ಮಾತ್ರ ಇದ್ದ ಹಾಗೇ ಇದ್ದವು. ಪ್ರತಿ ಸೋಮವಾರ ಪ್ರೀತಿಗೆ ರೇಟ್ ಕಟ್ಟಬಾರದೆಂದು ಕೋಚಿಗೆ ತಿಳಿಹೇಳುವುದು ನಿಲ್ಲಲಿಲ್ಲ.

ಜೂನಿನಲ್ಲಿ, ಹುಡುಗನ ಹೈಸ್ಕೂಲು ಮುಗಿದ ಮೇಲೆ, ಗ್ಲೆಂಡಾ ತನ್ನ ಹೋಟೆಲಿಗೆ ದೊಡ್ಡ ಜಾಹೀರಾತು ಹಾಕಿಸಲು ಹೊರಟಳು. ಸಂಘದ ಮೂಲಕ ಡೇರಿಯಸ್‌ನ ಜೊತೆ ಒಪ್ಪಂದವಾಯಿತು. ಹುಡುಗ ಒಂದು ಕಡೆ, ಸ್ಯಾಂಡ್‌ವಿಚ್ ನಡುವೆ, ಕೊಡಿಸಿದವನು ಇನ್ನೊಂದು ಕಡೆ ಇದ್ದರೆ ಚೆನ್ನಾಗಿರುತ್ತದೆ ಎಂದು ಫೋಟೋದವನು ಹೇಳಿದ. ಡೆಲ್ಬರ್ಟ್ ಮೊದಲು ಬಿಂಕ ಮಾಡಿದ, ಆಮೇಲೆ ಕ್ಷೌರ ಮಾಡಿಸಿಕೊಂಡು ಬಂದ.

ಮಧ್ಯಾಹ್ನ ಪೂರ್ತಿ ಚಿತ್ರ ತೆಗೆದರು. ಡೇರಿಯಸ್ ನಿಂತರೆ ಡೆಲ್ಬರ್ಟ್ ಚೌಕಟ್ಟಿನೊಳಗೆ ಬರುತ್ತಿರಲಿಲ್ಲ, ಅದಕ್ಕೆ ಅವನನ್ನು ಹಾಲಿನ ಕ್ರೇಟಿನ ಮೇಲೆ ಹತ್ತಿಸಿದರು. ನಗು ಅಂದರು, ನಕ್ಕ. ಕಚ್ಚು ಅಂದರು, ಕಚ್ಚಿದ. ನುಂಗಬೇಡ ಅಂದರು. ತಣ್ಣಗಾದ ಮಾಂಸ ಬಾಯಲ್ಲಿಟ್ಟುಕೊಂಡು ಕತ್ತು ಎಡಕ್ಕೆ, ಕತ್ತು ಬಲಕ್ಕೆ. ಸಂಜೆಯ ಹೊತ್ತಿಗೆ ಅವನ ಬೆನ್ನು ಹಿಡಿದುಕೊಂಡಿತ್ತು. ನಾನೂ ವೆಂಡೆಲನೂ ಕಾಫಿ ಕುಡಿಯುತ್ತ ಆರಾಮಾಗಿ ನೋಡುತ್ತಿದ್ದೆವು.

ಎಲ್ಲ ಮುಗಿದ ಮೇಲೆ ಗ್ಲೆಂಡಾ ಒಪ್ಪಂದದಂತೆ ಡೇರಿಯಸ್‌ಗೆ ಚೆಕ್ ಕೊಟ್ಟಳು. ಆಮೇಲೆ ಡೆಲ್ಬರ್ಟನ ಬೆನ್ನು ತಟ್ಟಿ, "ನಿನಗೆ ಇವತ್ತು ಊಟ ಪುಕ್ಕಟೆ ಕಣಯ್ಯಾ," ಎಂದಳು.

ಡೆಲ್ಬರ್ಟ್ ಕ್ರೇಟಿನಿಂದ ಇಳಿದ.

"ಊಟ?" ಎಂದ. "ಬರೀ ಊಟ? ಮಧ್ಯಾಹ್ನದಿಂದ ನಿಂತು ಸೊಂಟ ಬಿದ್ದುಹೋಗಿದೆ ನನಗೆ! ಮುಖ ನಂದು, ಬೆವರು ನಂದು. ಅದನ್ನ ಹೆದ್ದಾರಿ ಮೇಲೆ ಹಾಕಿ ವರ್ಷವೆಲ್ಲಾ ವ್ಯಾಪಾರ ಮಾಡೋಳು ನೀನು! ಗಲ್ಲಾಪೆಟ್ಟಿಗೆ ನಿಂದು ತುಂಬೋಕೆ ನಾನು ದುಡಿದು, ನನಗೆ ಒಂದು ತಟ್ಟೆ ಊಟ ಹಾಕಿ ಬಾಯಿ ಮುಚ್ಚಿಸ್ತೀಯಾ? ಇದು ಯಾವ ಸೀಮೆ ನ್ಯಾಯ ಗ್ಲೆಂಡಾ?"

ವೆಂಡೆಲ್ ಕಾಫಿ ಲೋಟವನ್ನು ಅತಿ ಜಾಗ್ರತೆಯಿಂದ ಮೇಜಿನ ಮೇಲಿಟ್ಟ.

"ಭಾವಾ, ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳ್ತೀಯಾ?"

ಡೆಲ್ಬರ್ಟ್ ಹೇಳಲು ಬಾಯಿ ತೆರೆದ. "ಮುಖ ನಂದು, ಬೆವರು..." ಎಂದವನು ಅಲ್ಲಿಗೇ ನಿಂತ. ತನ್ನ ಬಾಯಿಂದ ಏನು ಬರುತ್ತಿದೆ ಎಂದು ಅವನ ಕಿವಿಗೆ ಆಗ ತಲುಪಿತು. ಕೆಂಪಗಾದ. ನನ್ನ ಮುಖ ನೋಡಿದ. ಈ ಸಲವೂ ನಾನು ಬೇರೆ ಕಡೆ ನೋಡಿದೆ. ಕೊನೆಗೆ ಸಣ್ಣ ದನಿಯಲ್ಲಿ, ನೆಲ ನೋಡುತ್ತ ಕೇಳಿದ: "ಹೋಗಲಿ... ನಿನ್ನ ಮನಸ್ಸಲ್ಲಿ ಎಷ್ಟಿದೆ ಗ್ಲೆಂಡಾ?"

"ಐವತ್ತು ಕೊಡ್ತೀನಿ."

ಡೇರಿಯಸ್ ಅರ್ಧಕ್ಕೆ ಬಗ್ಗಿ, ಡೆಲ್ಬರ್ಟನ ಕಿವಿಯ ಹತ್ತಿರ ಬಾಯಿ ತಂದು ಮೆಲ್ಲಗೆ ಹೇಳಿದ:

"ಮೊದಲು ಹೇಳಿದ ರೇಟಿಗೆ ಯಾವತ್ತೂ ಒಪ್ಕೋಬಾರದು ಸರ್."